ಒಬ್ಬ ಒಡೆಯ, ಎರಡು ತಂಡ: ಕಾಲ್ಚೆಂಡಾಟದಲ್ಲಿ ಬಹುಸಂಘ ಸ್ವಾಮ್ಯದ ಚರಿತ್ರೆಯೂ ನಿಯಮವೂ

೧. ವಿಷಯ ಪ್ರವೇಶ

ಕ್ರೀಡೆಯ ಚರಿತ್ರೆಯೆಂದರೆ ಯಾರು ಗೆದ್ದರು, ಯಾರು ಸೋತರು ಎಂಬ ದಾಖಲೆಯೆಂದೇ ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಆಡುವ ತಂಡಕ್ಕೆ ಒಡೆಯನು ಯಾರು, ಆ ಒಡೆತನವು ಆಟದ ಮೇಲೆ ಯಾವ ಪರಿಣಾಮವನ್ನು ಬೀರುತ್ತದೆ ಎಂಬುದೂ ಚರಿತ್ರೆಯ ವಿಷಯವೇ. ಒಬ್ಬನೇ ವ್ಯಕ್ತಿ ಅಥವಾ ಒಂದೇ ಕಂಪನಿ ಪರಸ್ಪರ ಸ್ಪರ್ಧಿಸುವ ಎರಡು ಅಥವಾ ಹೆಚ್ಚು ಕ್ರೀಡಾಸಂಘಗಳಲ್ಲಿ ಒಡೆತನವನ್ನು ಹೊಂದಿರುವುದನ್ನು ಪ್ರಕೃತ ಲೇಖನದಲ್ಲಿ ‘ಬಹುಸಂಘ ಸ್ವಾಮ್ಯ’ ಎಂದು ಕರೆಯಲಾಗಿದೆ. ಯೂರೋಪಿನ ಕಾಲ್ಚೆಂಡಾಟದಲ್ಲಿ ಇದು ಇಂದು ಬಹು ಚರ್ಚೆಗೆ ಒಳಗಾಗಿರುವ ಸಂಗತಿ. ಇದು ನಮಗೆ ದೂರದ ವಿಷಯವೆಂದು ತೋರಬಹುದು. ಆದರೆ ಅದರ ಭಾರತೀಯ ಚರಿತ್ರೆಯ ಒಂದು ಎಳೆ ನಮ್ಮ ತುಮಕೂರು ಜಿಲ್ಲೆಯನ್ನು ಮುಟ್ಟಿಕೊಂಡೇ ಹೋಗುತ್ತದೆ.

೧೯೯೨ರಲ್ಲಿ ಕರ್ನಾಟಕ ಸರ್ಕಾರವು ಕುಣಿಗಲಿನ ಕುದುರೆ ಫಾರಮನ್ನು ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಸಮೂಹಕ್ಕೆ ಸೇರಿದ ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಎಂಬ ಕಂಪನಿಗೆ ೩೦ ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಆಗ ಆ ಸಮೂಹದ ಅಧ್ಯಕ್ಷರಾಗಿದ್ದವರು ವಿಜಯ ಮಲ್ಯ. ಇದಾದ ಆರು ವರ್ಷಗಳಿಗೆ, ಎಂದರೆ ೧೯೯೮ರಲ್ಲಿ, ಅದೇ ಸಮೂಹವು ಕಲ್ಕತ್ತೆಯ ಎರಡು ಮಹಾಸಂಘಗಳಾದ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್‌ಗಳ ಕಾಲ್ಚೆಂಡು ತಂಡಗಳಲ್ಲಿ ಅರ್ಧರ್ಧ ಪಾಲನ್ನು ಪಡೆಯಿತು. ಬಂಗಾಳದ ಮನೆಮನೆಗಳನ್ನು ಇಬ್ಭಾಗ ಮಾಡಿದ್ದ ಎರಡು ತಂಡಗಳಿಗೆ ಬೆಂಗಳೂರಿನ ಒಬ್ಬನೇ ಪಾಲುದಾರ ದೊರೆತಂತಾಯಿತು. ಯೂರೋಪಿನ ಕಾಲ್ಚೆಂಡು ಒಕ್ಕೂಟವು ಇಂಥ ಒಡೆತನವನ್ನು ನಿರ್ಬಂಧಿಸುವ ನಿಯಮವನ್ನು ಮಾಡಿದ್ದೂ ಅದೇ ೧೯೯೮ರಲ್ಲಿ. ಒಂದೇ ವರ್ಷದಲ್ಲಿ ಒಂದು ಕಡೆ ನಿಷೇಧವೂ ಇನ್ನೊಂದು ಕಡೆ ಸ್ವಾಗತವೂ ನಡೆದುದೇಕೆ? ನಿಯಮವಿಲ್ಲದ ಕಡೆ ಆಟದ ಮಾನವನ್ನು ಕಾದುದು ಯಾವುದು? ಈ ಎರಡು ಪ್ರಶ್ನೆಗಳನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

೨. ಗುಬ್ಬಿ ಮತ್ತು ಕುಣಿಗಲು: ಎರಡು ಬಗೆಯ ಒಡೆತನ

ಒಬ್ಬನು ಹಲವು ತಂಡಗಳಿಗೆ ಒಡೆಯನಾಗುವುದು ತಾನಾಗಿ ದೋಷವಲ್ಲ. ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಳ್ಳೆಯ ನಿದರ್ಶನವಿದೆ. ೧೮೮೪ರಲ್ಲಿ ಹುಟ್ಟಿದ ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ವೀರಣ್ಣನವರ ಯಜಮಾನಿಕೆಯಲ್ಲಿ ಬೆಳೆದು, ಶಾಖೆಗಳಾಗಿ ಬೇರೆ ಬೇರೆ ಊರುಗಳಲ್ಲಿ ಕ್ಯಾಂಪು ಹಾಕುವಷ್ಟು ದೊಡ್ಡದಾಯಿತು. ಯಜಮಾನರು ಒಬ್ಬರೇ ಆಗಿದ್ದರೂ ಪ್ರೇಕ್ಷಕನಿಗೆ ಅದರಿಂದ ಯಾವ ವಂಚನೆಯೂ ಆಗಲಿಲ್ಲ. ಒಂದು ಶಾಖೆಯ ನಾಟಕ ಚೆನ್ನಾಗಿ ನಡೆದರೆ ಮತ್ತೊಂದು ಶಾಖೆ ಸೋಲಬೇಕೆಂಬ ನಿಯಮ ರಂಗಭೂಮಿಯಲ್ಲಿಲ್ಲ. ರಂಗದ ಮೇಲೆ ಭೀಮ ದುರ್ಯೋಧನರು ಹೋರಾಡುವಾಗ ಇಬ್ಬರಿಗೂ ಸಂಬಳ ಕೊಡುವವರು ಒಬ್ಬರೇ ಎಂಬುದು ನೋಡುವವನಿಗೆ ಗೊತ್ತು. ಗದಾಯುದ್ಧದ ಫಲವೂ ಅವನಿಗೆ ಮೊದಲೇ ಗೊತ್ತು. ಅವನು ಬಂದಿರುವುದು ಅಭಿನಯವನ್ನು ನೋಡಲು.

ಪಂದ್ಯದ ಸ್ವರೂಪವೇ ಬೇರೆ. ಅಲ್ಲಿ ಫಲವು ಮೊದಲೇ ಗೊತ್ತಿರಬಾರದು. ಆಡುವ ಇಬ್ಬರೂ ಗೆಲ್ಲಲೆಂದೇ ಆಡುತ್ತಿದ್ದಾರೆಂಬ ನಂಬಿಕೆ ನೋಡುವವನಲ್ಲಿರಬೇಕು. ಆ ನಂಬಿಕೆ ಹೋದರೆ ಪಂದ್ಯವು ನಾಟಕವಾಗುತ್ತದೆ, ಅದೂ ನಾಟಕವೆಂದು ಹೇಳಿಕೊಳ್ಳದ ನಾಟಕ. ಆದುದರಿಂದ ಒಡೆತನದ ಪ್ರಶ್ನೆ ಏಳುವುದು ಸ್ಪರ್ಧೆಯಿರುವಲ್ಲಿ ಮಾತ್ರ.

ಕುಣಿಗಲಿನ ಚರಿತ್ರೆಯಲ್ಲಿ ಈ ಪ್ರಶ್ನೆಯ ಎರಡು ಹಳೆಯ ರೂಪಗಳನ್ನು ಕಾಣಬಹುದು. ಅಲ್ಲಿಯ ಕುದುರೆ ಫಾರಮಿನ ಮೂಲವನ್ನು ಹೈದರ್–ಟೀಪೂ ಕಾಲಕ್ಕೆ ಒಯ್ಯುವುದು ವಾಡಿಕೆ. ಅಶ್ವದಳಕ್ಕೆ ಬೇಕಾದ ಕುದುರೆಗಳನ್ನು ಸಾಕುವುದು ಅದರ ಉದ್ದೇಶವಾಗಿತ್ತು. ಆ ಕಾಲದ ಅಶ್ವದಳಗಳಲ್ಲಿ ಸಿಲ್ಲೇದಾರ, ಬಾರ್ಗೀರ ಎಂಬ ಎರಡು ವರ್ಗಗಳಿದ್ದವು. ಸ್ವಂತ ಕುದುರೆಯೊಡನೆ ಸೇವೆಗೆ ಬರುವವನು ಸಿಲ್ಲೇದಾರ. ಇನ್ನೊಬ್ಬರ ಕುದುರೆಯನ್ನೇರಿ ಕಾದುವವನು ಬಾರ್ಗೀರ. ೧೮೦೭ರ ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನವು ೪,೦೦೦ ಕುದುರೆ ಸವಾರರನ್ನು ಇಟ್ಟುಕೊಳ್ಳಬೇಕಾಗಿತ್ತು. ಮೈಸೂರಿನ ಸಿಲ್ಲೇದಾರಿ ದಳವು ಹೆಸರಾದುದು ಈ ಕಾಲದಲ್ಲಿ. ಈ ಪದ್ಧತಿಯ ಮೇಲೆ ಅಂದಿನ ಸೇನಾಧಿಕಾರಿಗಳು ಹೊರಿಸುತ್ತಿದ್ದ ಒಂದು ಆಕ್ಷೇಪವು ಗಮನಾರ್ಹವಾದುದು. ಕುದುರೆ ಸತ್ತರೆ ಒಡೆಯನ ಬಂಡವಾಳವೇ ಹೋಗುವುದರಿಂದ, ಸವಾರನು ಶತ್ರುವಿನ ಮೇಲೆ ನುಗ್ಗುವುದಕ್ಕಿಂತ ಕುದುರೆಯನ್ನು ಉಳಿಸಿಕೊಳ್ಳುವುದರ ಕಡೆಗೇ ಹೆಚ್ಚು ಗಮನವಿಡುತ್ತಾನೆ ಎಂಬುದೇ ಆ ಆಕ್ಷೇಪ. ಸವಾರನ ಶೌರ್ಯದಲ್ಲಿ ಕೊರತೆಯಿದೆಯೆಂದು ಇದರ ಅರ್ಥವಲ್ಲ; ಒಡೆತನದ ಲೆಕ್ಕಾಚಾರವು ಕಾಳಗದ ಲೆಕ್ಕಾಚಾರದೊಡನೆ ಹೊಂದುವುದಿಲ್ಲವೆಂದು ಅರ್ಥ.

ಎರಡನೆಯ ರೂಪವು ಕುದುರೆಯ ಪಂದ್ಯಕ್ಕೆ ಸಂಬಂಧಪಟ್ಟುದು. ಸೇನೆಯಲ್ಲಿ ಕುದುರೆಯ ಕಾಲ ಮುಗಿದ ಮೇಲೆ ಕುಣಿಗಲಿನ ಫಾರಮು ಪಂದ್ಯದ ಕುದುರೆಗಳ ತವರಾಯಿತು. ಒಂದೇ ಪಂದ್ಯದಲ್ಲಿ ಒಬ್ಬನೇ ಒಡೆಯನ ಎರಡು ಮೂರು ಕುದುರೆಗಳು ಓಡುವುದು ಅಪೂರ್ವವೇನಲ್ಲ. ಪಂದ್ಯದ ನಿಯಮಗಳು ಇದನ್ನು ನಿಷೇಧಿಸಲಿಲ್ಲ. ಬದಲಿಗೆ ಎರಡು ಷರತ್ತುಗಳನ್ನು ಹಾಕಿದವು. ಮೊದಲನೆಯದು, ಒಡೆತನ ಬಹಿರಂಗವಾಗಿರಬೇಕು: ಕುದುರೆ ಯಾರದೆಂಬುದು ಪಂದ್ಯದ ಪಟ್ಟಿಯಲ್ಲಿ ಅಚ್ಚಾಗುತ್ತದೆ, ಸವಾರರು ಒಡೆಯನ ಬಣ್ಣದ ಅಂಗಿಯನ್ನು ತೊಟ್ಟು, ಟೋಪಿಯ ಬಣ್ಣದಿಂದ ಪರಸ್ಪರ ಭಿನ್ನರಾಗಿ ಕಾಣಿಸಿಕೊಳ್ಳುತ್ತಾರೆ. ಎರಡನೆಯದು, ಪ್ರತಿಯೊಂದು ಕುದುರೆಯನ್ನೂ ಅದರ ಯೋಗ್ಯತೆಗೆ ತಕ್ಕಂತೆ ಓಡಿಸಬೇಕು. ಬೇಕೆಂದೇ ಹಿಂದೆಳೆದರೆ ಸ್ಟೂವರ್ಡರು ವಿಚಾರಣೆ ನಡೆಸಿ ದಂಡಿಸುತ್ತಾರೆ. ಇಂಗ್ಲೆಂಡಿನಲ್ಲಿ ೧೯ನೆಯ ಶತಮಾನದಲ್ಲಿ ಎರಡು ಕುದುರೆಗಳ ಒಡೆಯನು ‘ಇಂಥದರಿಂದಲೇ ಗೆಲ್ಲಬಯಸುತ್ತೇನೆ’ ಎಂದು ಮುಂಚಿತವಾಗಿ ಘೋಷಿಸುವ ರೂಢಿಯೂ ಇದ್ದಿತು. ಹಿತಾಸಕ್ತಿಯ ಘರ್ಷಣೆಯನ್ನು ತಡೆಯಲಾಗದಿದ್ದರೆ ಅದನ್ನು ಬಯಲಿಗಾದರೂ ತರಬೇಕೆಂಬ ತತ್ತ್ವ ಇದರಲ್ಲಿದೆ.

ಕುದುರೆಯ ಪಂದ್ಯ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಕಾಲ್ಚೆಂಡಿನ ಲೀಗು ಪಂದ್ಯಾವಳಿ ತಿಂಗಳುಗಟ್ಟಲೆ ನಡೆಯುತ್ತದೆ. ಒಂದು ತಂಡ ಇನ್ನೊಂದರೊಡನೆ ಆಡಿದ ಆಟದ ಫಲ ಮೂರನೆಯ ತಂಡದ ಭಾಗ್ಯವನ್ನು ನಿರ್ಧರಿಸುತ್ತದೆ. ಅಂಥಲ್ಲಿ ಬಹಿರಂಗ ಘೋಷಣೆಯೊಂದೇ ಸಾಕೆ ಎಂಬ ಪ್ರಶ್ನೆ ಉಳಿಯುತ್ತದೆ.

೩. ಕಲ್ಕತ್ತೆಯ ೧೯೯೮

ಮೋಹನ್ ಬಾಗಾನ್ ಸಂಘವು ಸ್ಥಾಪಿತವಾದುದು ೧೮೮೯ರಲ್ಲಿ. ೧೯೧೧ರ ಜುಲೈ ೨೯ರಂದು ಅದು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ತಂಡವನ್ನು ೨–೧ರಿಂದ ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದುದು ರಾಷ್ಟ್ರೀಯ ಚಳವಳಿಯ ಚರಿತ್ರೆಯಲ್ಲಿಯೂ ಸ್ಥಾನ ಪಡೆದ ಘಟನೆ. ಈಸ್ಟ್ ಬೆಂಗಾಲ್ ಸಂಘವು ೧೯೨೦ರಲ್ಲಿ ಹುಟ್ಟಿತು. ದೇಶ ವಿಭಜನೆಯಾದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಅಭಿಮಾನಕ್ಕೆ ಅದು ಆಶ್ರಯವಾಯಿತು. ಇವೆರಡರ ನಡುವಣ ಸ್ಪರ್ಧೆಯ ತೀವ್ರತೆಗೆ ಎರಡು ಸಂಗತಿಗಳು ಸಾಕು. ೧೯೮೦ರ ಆಗಸ್ಟ್ ೧೬ರಂದು ಈಡನ್ ಗಾರ್ಡನ್ಸ್ ಮೈದಾನದಲ್ಲಿ ಇವುಗಳ ಆಟದ ಕಾಲಕ್ಕೆ ನಡೆದ ಗಲಭೆ, ನೂಕುನುಗ್ಗಲುಗಳಲ್ಲಿ ೧೬ ಜನ ಪ್ರೇಕ್ಷಕರು ಮಡಿದರು. ೧೯೯೭ರ ಜುಲೈ ೧೩ರಂದು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ನಡೆದ ಫೆಡರೇಷನ್ ಕಪ್ ಉಪಾಂತ್ಯ ಪಂದ್ಯಕ್ಕೆ ಸುಮಾರು ೧,೩೧,೦೦೦ ಜನ ಸೇರಿದ್ದರು.

ಈ ಸಂಘಗಳು ಸದಸ್ಯರ ಸಂಘಗಳು. ಚಂದಾ ಕೊಡುವ ಸದಸ್ಯರು ಆಡಳಿತ ಮಂಡಲಿಯನ್ನು ಚುನಾಯಿಸುವ ಪದ್ಧತಿ ಅಲ್ಲಿಯದು. ೧೯೯೬ರಲ್ಲಿ ರಾಷ್ಟ್ರೀಯ ಕಾಲ್ಚೆಂಡು ಲೀಗು ಆರಂಭವಾದ ಮೇಲೆ ಖರ್ಚು ಬೆಳೆಯಿತು: ದೇಶದುದ್ದಕ್ಕೂ ಪ್ರಯಾಣ, ವಿದೇಶೀ ಆಟಗಾರರು, ತರಬೇತುದಾರರು. ಗೋವೆಯ ಡೆಂಪೊ, ಸಾಲ್ಗಾಂವ್ಕರ್ ಸಂಘಗಳ ಹಿಂದೆ ಗಣಿಯ ಉದ್ಯಮಗಳಿದ್ದವು, ಪಂಜಾಬಿನ ಜೆ.ಸಿ.ಟಿ.ಯ ಹಿಂದೆ ಗಿರಣಿಯಿತ್ತು, ಬೆಂಗಳೂರಿನ ಐ.ಟಿ.ಐ., ಎಚ್.ಎ.ಎಲ್. ತಂಡಗಳಿಗೆ ಕಾರ್ಖಾನೆಗಳ ಆಶ್ರಯವಿತ್ತು. ಚಂದಾ ಹಣ, ಟಿಕೆಟ್ಟಿನ ಹಣಗಳನ್ನು ನಂಬಿದ್ದ ಕಲ್ಕತ್ತೆಯ ಸಂಘಗಳಿಗೆ ಬಂಡವಾಳ ಬೇಕಾಯಿತು. ಯುನೈಟೆಡ್ ಬ್ರೂವರೀಸ್ ಸಮೂಹಕ್ಕೆ ಬೇಕಾಗಿದ್ದುದು ಪ್ರಚಾರ. ಮದ್ಯದ ಜಾಹೀರಾತಿಗೆ ನಿರ್ಬಂಧವಿರುವ ನಾಡಿನಲ್ಲಿ ಲಕ್ಷಾಂತರ ಜನ ಪಠಿಸುವ ತಂಡದ ಹೆಸರಿಗಿಂತ ಉತ್ತಮವಾದ ಪ್ರಚಾರ ದೊರೆಯುವುದು ಕಷ್ಟ.

೧೯೯೮ರಲ್ಲಿ ಎರಡು ಪ್ರತ್ಯೇಕ ಖಾಸಗಿ ಕಂಪನಿಗಳು ಸ್ಥಾಪಿತವಾದವು: ಒಂದು ಯುನೈಟೆಡ್ ಮೋಹನ್ ಬಾಗಾನ್ ಫುಟ್‌ಬಾಲ್ ಟೀಮ್, ಇನ್ನೊಂದು ಯುನೈಟೆಡ್ ಈಸ್ಟ್ ಬೆಂಗಾಲ್ ಫುಟ್‌ಬಾಲ್ ಟೀಮ್. ಎರಡರಲ್ಲಿಯೂ ಸಂಘಕ್ಕೆ ಅರ್ಧ, ಸಮೂಹಕ್ಕೆ ಅರ್ಧ ಪಾಲು. ಮೈದಾನದಲ್ಲಿ ಒಂದು ತಂಡ ‘ಮೆಕ್‌ಡೊವೆಲ್ ಮೋಹನ್ ಬಾಗಾನ್’ ಎಂದೂ ಮತ್ತೊಂದು ‘ಕಿಂಗ್‌ಫಿಷರ್ ಈಸ್ಟ್ ಬೆಂಗಾಲ್’ ಎಂದೂ ಹೆಸರು ತಳೆದವು. ಮುದ್ರೆಗಳು ಎರಡಾದರೂ ಸಮೂಹ ಒಂದೇ ಆಗಿತ್ತು.

ಇನ್ನು ಫಲಿತಾಂಶಗಳ ಕಡೆ ನೋಡೋಣ. ೧೯೯೯–೨೦೦೦ರಲ್ಲಿ ಮೋಹನ್ ಬಾಗಾನ್, ೨೦೦೦–೦೧ರಲ್ಲಿ ಈಸ್ಟ್ ಬೆಂಗಾಲ್, ೨೦೦೧–೦೨ರಲ್ಲಿ ಮತ್ತೆ ಮೋಹನ್ ಬಾಗಾನ್, ೨೦೦೨–೦೩ ಮತ್ತು ೨೦೦೩–೦೪ರಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗನ್ನು ಗೆದ್ದವು. ಅಂದರೆ ಐದು ವರ್ಷ ಸತತವಾಗಿ ದೇಶದ ಅತ್ಯುನ್ನತ ಪ್ರಶಸ್ತಿಯು ಒಬ್ಬನೇ ಪಾಲುದಾರನ ಎರಡು ಮನೆಗಳ ನಡುವೆಯೇ ತಿರುಗಿತು. ೨೦೦೦–೦೧ರಲ್ಲಿ ಮೊದಲ ಎರಡು ಸ್ಥಾನಗಳೂ ಇವೆರಡರ ಪಾಲಾದವು. ಇದರಿಂದ ಆಟದಲ್ಲಿ ಮೋಸ ನಡೆಯಿತೆಂದು ತೀರ್ಮಾನಿಸಲು ಯಾವ ಆಧಾರವೂ ಇಲ್ಲ. ಈ ಎರಡು ಸಂಘಗಳು ಅದಕ್ಕೆ ಮೊದಲೂ ಬಲಿಷ್ಠವಾಗಿದ್ದವು. ಆದರೆ ಗೋವೆಯ ಸಂಘವೊಂದರ ಅಭಿಮಾನಿಯು ಈ ಪಟ್ಟಿಯನ್ನು ನೋಡಿ ಸಂಶಯಪಟ್ಟಿದ್ದರೆ ಅವನಿಗೆ ಸಮಾಧಾನ ಹೇಳಲು ಯಾವ ನಿಯಮವಾದರೂ ಇದ್ದಿತೆ ಎಂಬುದು ಚರಿತ್ರಕಾರನು ಕೇಳಬೇಕಾದ ಪ್ರಶ್ನೆ.

೪. ಯೂರೋಪಿನ ೧೯೯೮

ಅದೇ ಕಾಲದಲ್ಲಿ ಎನಿಕ್ ಎಂಬ ಇಂಗ್ಲಿಷ್ ಹೂಡಿಕೆ ಕಂಪನಿಯು ಗ್ರೀಸಿನ ಎ.ಇ.ಕೆ. ಅಥೆನ್ಸ್, ಜೆಕ್ ದೇಶದ ಸ್ಲಾವಿಯಾ ಪ್ರಾಗ್, ಇಟಲಿಯ ವಿಚೆಂಜಾ ಸಂಘಗಳಲ್ಲಿ ಬಹುಮತದ ಷೇರುಗಳನ್ನು ಹೊಂದಿತ್ತು. ೧೯೯೭–೯೮ರ ಕಪ್ ವಿಜೇತರ ಪಂದ್ಯಾವಳಿಯಲ್ಲಿ ಈ ಮೂರೂ ತಂಡಗಳು ಕೊನೆಯ ಎಂಟರ ಘಟ್ಟವನ್ನು ಮುಟ್ಟಿದವು. ಮುಂದಿನ ವರ್ಷ ಅಥೆನ್ಸ್ ಮತ್ತು ಪ್ರಾಗ್ ತಂಡಗಳು ಒಟ್ಟಿಗೆ ಯೂಫಾ ಕಪ್ಪಿಗೆ ಅರ್ಹವಾದವು. ಆಗ ಯೂರೋಪಿನ ಒಕ್ಕೂಟದ ಕಾರ್ಯಕಾರಿ ಸಮಿತಿಯು ೧೯೯೮ರ ಮೇ ತಿಂಗಳಿನಲ್ಲಿ ಒಂದು ನಿಯಮವನ್ನು ಅಂಗೀಕರಿಸಿತು. ಒಂದೇ ಹತೋಟಿಗೆ ಒಳಪಟ್ಟ ಎರಡು ಸಂಘಗಳು ಒಂದೇ ಪಂದ್ಯಾವಳಿಗೆ ಅರ್ಹವಾದರೆ ಅವುಗಳಲ್ಲಿ ಒಂದಕ್ಕೆ ಮಾತ್ರ ಪ್ರವೇಶವೆಂಬುದು ಅದರ ಸಾರ. ಒಂದು ಸಂಘ ಇನ್ನೊಂದರ ಷೇರುಗಳನ್ನು ಹೊಂದುವುದನ್ನೂ, ಒಬ್ಬನೇ ವ್ಯಕ್ತಿ ಎರಡರ ಆಡಳಿತದಲ್ಲಿ ಭಾಗವಹಿಸುವುದನ್ನೂ ಆ ನಿಯಮ ತಡೆಯಿತು.

ಸಂಘಗಳು ಸ್ವಿಟ್ಜರ್ಲೆಂಡಿನ ಲೋಸಾನ್ನಿನಲ್ಲಿರುವ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯದ ಮೊರೆಹೊಕ್ಕವು. ೧೯೯೮ರ ಜುಲೈಯಲ್ಲಿ ನ್ಯಾಯಾಲಯವು ಆ ವರ್ಷದ ಮಟ್ಟಿಗೆ ನಿಯಮವನ್ನು ತಡೆಹಿಡಿಯಿತು. ಪಂದ್ಯಾವಳಿಯ ಬಾಗಿಲಲ್ಲಿ ನಿಂತಿರುವಾಗ ಹೊಸ ನಿಯಮವನ್ನು ಹೇರುವುದು ನ್ಯಾಯವಲ್ಲವೆಂಬುದು ಅದರ ಅಭಿಪ್ರಾಯ. ಆದರೆ ೧೯೯೯ರ ಆಗಸ್ಟ್ ೨೦ರಂದು ಕೊಟ್ಟ ಅಂತಿಮ ತೀರ್ಪಿನಲ್ಲಿ ನಿಯಮವನ್ನು ಎತ್ತಿಹಿಡಿಯಿತು. ಈ ತೀರ್ಪು ವಿದ್ಯಾರ್ಥಿಗಳು ಗಮನವಿಟ್ಟು ಅಭ್ಯಸಿಸಬೇಕಾದುದು. ಒಡೆಯನು ಆಟಗಾರರಿಗೆ ‘ಸೋಲಿರಿ’ ಎಂದು ಹೇಳುವ ಅಪಾಯವೊಂದನ್ನೇ ಅದು ಗಣಿಸಲಿಲ್ಲ. ಮೂರು ಸೂಕ್ಷ್ಮತರ ಅಪಾಯಗಳನ್ನು ಅದು ಎಣಿಸಿತು. ಋತುವಿನ ಆರಂಭದಲ್ಲಿ ಒಡೆಯನು ಹಣವನ್ನು ಯಾವ ತಂಡಕ್ಕೆ ಹೆಚ್ಚಾಗಿ ಸುರಿಯುತ್ತಾನೆ ಎಂಬುದು ಮೊದಲನೆಯದು. ಎರಡೂ ತಂಡಗಳು ಎದುರಾಗುವ ಮುನ್ನ ಆಡಳಿತವು ಕೈಗೊಳ್ಳುವ ಸಣ್ಣಪುಟ್ಟ ನಿರ್ಧಾರಗಳು ಎರಡನೆಯದು. ಈ ಎರಡರ ಆಟದ ಫಲವನ್ನು ಅವಲಂಬಿಸಿರುವ ಮೂರನೆಯ ತಂಡದ ಹಿತವು ಮೂರನೆಯದು. ಮೋಸ ನಡೆದಿದೆಯೆಂದು ಸಾಧಿಸಬೇಕಾಗಿಲ್ಲ. ಸಂಶಯಕ್ಕೆ ಸಕಾರಣವಾದ ಆಸ್ಪದವಿದ್ದರೆ ನಿಯಮಕ್ಕೆ ಆಧಾರ ದೊರೆಯುತ್ತದೆ ಎಂಬುದು ತೀರ್ಪಿನ ತಿರುಳು. ವ್ಯಾಪಾರ ಸ್ವಾತಂತ್ರ್ಯಕ್ಕೆ ಈ ನಿಯಮ ಭಂಗ ತರುತ್ತದೆಂದು ಎನಿಕ್ ಕಂಪನಿ ಸಲ್ಲಿಸಿದ ದೂರನ್ನು ಯೂರೋಪಿಯನ್ ಕಮಿಷನ್ ೨೦೦೨ರ ಜೂನಿನಲ್ಲಿ ತಳ್ಳಿಹಾಕಿತು.

೫. ಹತೋಟಿ ಎಂದರೇನು?

ಈಗ ಕಲ್ಕತ್ತೆಯ ಕರಾರನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು. ೧೯೯೮ರ ಯೂರೋಪಿನ ನಿಯಮದಲ್ಲಿ ‘ಹತೋಟಿ’ ಎಂದರೆ ಬಹುಮತದ ಮತಾಧಿಕಾರ, ಅಥವಾ ಆಡಳಿತ ಮಂಡಲಿಯ ಬಹುಪಾಲು ಸದಸ್ಯರನ್ನು ನೇಮಿಸುವ ಅಧಿಕಾರ. ಅರ್ಧ ಪಾಲು ಬಹುಮತವಲ್ಲ. ಆ ಅಕ್ಷರಾರ್ಥದಲ್ಲಿ ನೋಡಿದರೆ ಬೆಂಗಳೂರಿನ ಸಮೂಹವು ಬರಿಯ ಪಾಲಿನ ಲೆಕ್ಕದಿಂದ ಯೂರೋಪಿನ ನಿಯಮದ ಬಲೆಗೆ ಬೀಳುತ್ತಿರಲಿಲ್ಲ. ಆದರೆ ಅರ್ಧ ಪಾಲುದಾರನ ಒಪ್ಪಿಗೆಯಿಲ್ಲದೆ ಕಂಪನಿಯಲ್ಲಿ ಮುಖ್ಯವಾದ ಯಾವ ಕೆಲಸವೂ ಸಾಗದು. ಹಣದ ಗಂಟು ಅವನ ಕೈಯಲ್ಲಿದ್ದರಂತೂ ಅವನ ಮಾತಿಗೆ ಪಾಲಿಗಿಂತ ಹೆಚ್ಚಿನ ತೂಕವಿರುತ್ತದೆ. ನ್ಯಾಯಾಲಯವು ಹೇಳಿದ ಮೂರು ಅಪಾಯಗಳಲ್ಲಿ ಮೊದಲನೆಯದು, ಎಂದರೆ ಹಣದ ಹಂಚಿಕೆ, ಅರ್ಧ ಪಾಲಿನಲ್ಲಿಯೂ ಪೂರ್ಣವಾಗಿ ಇರುತ್ತದೆ.

ಈ ಕೊರತೆಯನ್ನು ಯೂರೋಪು ಅನಂತರ ಮನಗಂಡಿತು. ನಿಯಮದಲ್ಲಿ ‘ನಿರ್ಣಾಯಕ ಪ್ರಭಾವ’ ಎಂಬ ಪದವು ಸೇರಿ, ಷೇರುಗಳ ಎಣಿಕೆಯ ಜೊತೆಗೆ ವಾಸ್ತವ ಪ್ರಭಾವದ ಅಳತೆಯೂ ಬಂದಿತು. ೨೦೧೭ರಲ್ಲಿ ಒಂದೇ ಪಾನೀಯ ಕಂಪನಿಯ ಹೆಸರಿನೊಡನೆ ಬೆಸೆದುಕೊಂಡಿದ್ದ ಲೈಪ್‌ಜಿಗ್, ಸಾಲ್ಜ್‌ಬರ್ಗ್ ಸಂಘಗಳು ಆಡಳಿತವನ್ನು ಬೇರ್ಪಡಿಸಿಕೊಂಡ ಮೇಲೆ ಎರಡಕ್ಕೂ ಪ್ರವೇಶ ದೊರೆಯಿತು. ೨೦೧೮ರಲ್ಲಿ ಅವು ಯೂರೋಪಾ ಲೀಗಿನಲ್ಲಿ ಎದುರುಬದುರಾಗಿ ಆಡಿದವು. ೨೦೨೫ರಲ್ಲಿ ಮಾತ್ರ ನಿಯಮ ಕಟುವಾಯಿತು. ಅದೇ ವರ್ಷ ಎಫ್.ಎ. ಕಪ್ಪನ್ನು ಗೆದ್ದು ಯೂರೋಪಾ ಲೀಗಿಗೆ ಅರ್ಹವಾಗಿದ್ದ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಸಂಘವನ್ನು ಕೆಳಗಿನ ದರ್ಜೆಯ ಪಂದ್ಯಾವಳಿಗೆ ಇಳಿಸಲಾಯಿತು. ಅದರ ಪಾಲುದಾರನೊಬ್ಬನು ಫ್ರಾನ್ಸಿನ ಲಿಯೋನ್ ಸಂಘಕ್ಕೂ ಒಡೆಯನಾಗಿದ್ದುದು, ನಿಗದಿಯಾದ ಮಾರ್ಚ್ ೧ರೊಳಗೆ ಸಂಬಂಧ ಕಡಿದುಕೊಳ್ಳದಿದ್ದುದು ಇದಕ್ಕೆ ಕಾರಣ. ಷೇರು ಸುಮಾರು ೪೩ ಪ್ರತಿಶತವಿದ್ದರೂ ಮತಾಧಿಕಾರ ೨೫ ಪ್ರತಿಶತ ಮಾತ್ರವೆಂಬ ಸಂಘದ ವಾದವು ನಿಲ್ಲಲಿಲ್ಲ. ಆಗಸ್ಟಿನಲ್ಲಿ ಮಧ್ಯಸ್ಥಿಕೆ ನ್ಯಾಯಾಲಯವೂ ಮೇಲ್ಮನವಿಯನ್ನು ವಜಾ ಮಾಡಿತು. ಅದೇ ವರ್ಷ ಮೆಕ್ಸಿಕೊ ದೇಶದ ಲಿಯೋನ್ ಎಂಬ ಮತ್ತೊಂದು ಸಂಘವು, ಪಚೂಕಾ ಸಂಘದೊಡನೆ ಒಡೆತನ ಹಂಚಿಕೊಂಡಿದ್ದ ಕಾರಣದಿಂದ, ವಿಶ್ವ ಸಂಘಗಳ ಪಂದ್ಯಾವಳಿಯಿಂದ ಹೊರಬಿದ್ದಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ವಿಶ್ವ ಕಾಲ್ಚೆಂಡು ಒಕ್ಕೂಟದ ಮೂಲ ನಿಬಂಧನೆಗಳಲ್ಲಿಯೂ, ಪಂದ್ಯದ ಪ್ರಾಮಾಣಿಕತೆಗೆ ಧಕ್ಕೆ ಬರುವಂತಿದ್ದರೆ ಒಬ್ಬನೇ ಒಂದಕ್ಕಿಂತ ಹೆಚ್ಚು ಸಂಘಗಳ ಮೇಲೆ ಹತೋಟಿ ಪಡೆಯದಂತೆ ಸದಸ್ಯ ರಾಷ್ಟ್ರಗಳ ಸಂಸ್ಥೆಗಳು ನೋಡಿಕೊಳ್ಳಬೇಕೆಂಬ ವಿಧಿಯಿದೆ. ಅದನ್ನು ಆಯಾ ದೇಶದಲ್ಲಿ ಆಚರಣೆಗೆ ತರುವ ಹೊಣೆ ರಾಷ್ಟ್ರೀಯ ಸಂಸ್ಥೆಯದು. ನಮ್ಮಲ್ಲಿ ೧೯೯೮ರ ಕರಾರುಗಳು ಸುಮಾರು ಎರಡು ದಶಕಗಳ ಕಾಲ ನಡೆದುಬಂದವು ಎಂಬುದೇ ಆ ಹೊಣೆ ಎಷ್ಟು ಸಡಿಲವಾಗಿ ನಿರ್ವಹಿಸಲ್ಪಟ್ಟಿತೆಂಬುದಕ್ಕೆ ಸಾಕ್ಷಿ.

೬. ನಿಯಮವಿಲ್ಲದ ಕಡೆ ಕಾದುದು ಯಾವುದು?

ಹಾಗಾದರೆ ಈ ಎರಡು ದಶಕಗಳಲ್ಲಿ ಕಲ್ಕತ್ತೆಯ ಸ್ಪರ್ಧೆ ಮಂಕಾಯಿತೆ? ಇಲ್ಲವೆಂದೇ ಹೇಳಬೇಕು. ೨೦೧೨ರ ಡಿಸೆಂಬರ್ ೯ರಂದು ಸಾಲ್ಟ್ ಲೇಕಿನಲ್ಲಿ ನಡೆದ ಪಂದ್ಯದಲ್ಲಿ ಮೋಹನ್ ಬಾಗಾನಿನ ಆಟಗಾರನೊಬ್ಬನಿಗೆ ಪ್ರೇಕ್ಷಕರು ಎಸೆದ ಕಲ್ಲು ತಗಲಿತು. ವಿರಾಮದ ಅನಂತರ ಆ ತಂಡವು ಮೈದಾನಕ್ಕಿಳಿಯಲು ಒಪ್ಪಲಿಲ್ಲ. ರಾಷ್ಟ್ರೀಯ ಸಂಸ್ಥೆಯು ಮೊದಲು ಆ ಸಂಘವನ್ನು ಲೀಗಿನಿಂದ ಹೊರಹಾಕಿತು. ೨೦೧೩ರ ಜನವರಿಯಲ್ಲಿ ೨ ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿ, ಗಳಿಸಿದ್ದ ಅಂಕಗಳನ್ನೆಲ್ಲ ತೆಗೆದುಹಾಕಿ, ಮತ್ತೆ ಸೇರಿಸಿಕೊಂಡಿತು. ಇಬ್ಬರಿಗೂ ಒಬ್ಬನೇ ಪಾಲುದಾರನಿದ್ದರೂ ಅವನು ಇವರ ಜಗಳವನ್ನು ತಣಿಸಲಾಗಲಿಲ್ಲ. ಒಳಒಪ್ಪಂದದ ಸಂಶಯಕ್ಕೆ ಇಂಥ ಘಟನೆಗಳೇ ಉತ್ತರ.

ಇದಕ್ಕೆ ಕಾರಣ ಕರಾರಿನ ಉಳಿದರ್ಧದಲ್ಲಿದೆ. ಹಣ ಬೆಂಗಳೂರಿನಿಂದ ಬಂದರೂ ಆಟಗಾರರನ್ನು ಆರಿಸುವುದು, ತರಬೇತುದಾರನನ್ನು ಇಡುವುದು, ತೆಗೆಯುವುದು ಸಂಘದ ಚುನಾಯಿತ ಆಡಳಿತಗಾರರ ಕೈಯಲ್ಲಿಯೇ ಬಹುಮಟ್ಟಿಗೆ ಉಳಿಯಿತು. ಅವರು ಉತ್ತರ ಹೇಳಬೇಕಾಗಿದ್ದುದು ಷೇರುದಾರನಿಗಿಂತ ಹೆಚ್ಚಾಗಿ ಸದಸ್ಯರಿಗೆ, ಗ್ಯಾಲರಿಯಲ್ಲಿ ಕುಳಿತ ಜನಕ್ಕೆ. ಹಿಂದಿನ ಮಾತಿನಲ್ಲಿ ಹೇಳುವುದಾದರೆ ಕುದುರೆ ಸಿಲ್ಲೇದಾರನದಾದರೂ ಲಗಾಮು ಸವಾರನ ಕೈಯಲ್ಲಿತ್ತು. ಯೂರೋಪಿನಲ್ಲಿ ಅಥೆನ್ಸು, ಪ್ರಾಗಿನ ಸಂಘಗಳು ಕಂಪನಿಯ ಬಹುಮತಕ್ಕೆ ಸಿಕ್ಕಿದ್ದುದರಿಂದ ಅಲ್ಲಿ ಲಿಖಿತ ನಿಯಮ ಅನಿವಾರ್ಯವಾಯಿತು; ಕಲ್ಕತ್ತೆಯಲ್ಲಿ ಸದಸ್ಯತ್ವವೇ ಅಲಿಖಿತ ನಿಯಮವಾಗಿ ಕೆಲಸಮಾಡಿತು. ಒಂದೇ ವರ್ಷದಲ್ಲಿ ಎರಡು ಕಡೆ ಎರಡು ಬಗೆಯ ಉತ್ತರ ದೊರೆತುದಕ್ಕೆ ಇದು ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಈ ರಕ್ಷಣೆ ಶಾಶ್ವತವಾದುದಲ್ಲ ಎಂಬುದನ್ನು ಮುಂದಿನ ಘಟನೆಗಳು ತೋರಿಸಿದವು. ೨೦೧೮ರ ಜುಲೈಯಲ್ಲಿ ಬೆಂಗಳೂರಿನದೇ ಆದ ಕ್ವೆಸ್ ಕಾರ್ಪ್ ಎಂಬ ಕಂಪನಿ ಈಸ್ಟ್ ಬೆಂಗಾಲಿನ ಕಾಲ್ಚೆಂಡು ಕಂಪನಿಯಲ್ಲಿ ೭೦ ಪ್ರತಿಶತ ಪಾಲನ್ನು ಪಡೆಯಿತು, ೨೦೨೦ರಲ್ಲಿ ಹೊರನಡೆಯಿತು. ೨೦೨೦ರ ಜನವರಿಯಲ್ಲಿ ಆರ್.ಪಿ.ಎಸ್.ಜಿ. ಸಮೂಹವು ಮೋಹನ್ ಬಾಗಾನಿನ ಕಾಲ್ಚೆಂಡು ಕಂಪನಿಯಲ್ಲಿ ೮೦ ಪ್ರತಿಶತ ಪಾಲನ್ನು ಕೊಂಡುಕೊಳ್ಳುವುದಾಗಿ ಪ್ರಕಟಿಸಿತು. ಅದೇ ಸಮೂಹವು ಕೋಲ್ಕತದ ಎ.ಟಿ.ಕೆ. ತಂಡಕ್ಕೂ ಒಡೆಯನಾಗಿತ್ತು. ಆ ಋತುವಿನಲ್ಲಿ ಎ.ಟಿ.ಕೆ. ಇಂಡಿಯನ್ ಸೂಪರ್ ಲೀಗನ್ನೂ ಮೋಹನ್ ಬಾಗಾನ್ ಐ–ಲೀಗನ್ನೂ ಗೆದ್ದವು. ಲೀಗುಗಳು ಬೇರೆಯಾಗಿದ್ದುದರಿಂದ ಘರ್ಷಣೆ ತಲೆದೋರಲಿಲ್ಲ. ಒಂದೇ ಲೀಗಿಗೆ ಬರಬೇಕಾದಾಗ ಎರಡು ತಂಡಗಳನ್ನು ಒಂದುಮಾಡಿ, ‘ಎ.ಟಿ.ಕೆ. ಮೋಹನ್ ಬಾಗಾನ್’ ಎಂಬ ಹೆಸರಿಡಲಾಯಿತು. ಒಬ್ಬ ಒಡೆಯನಿಗೆ ಎರಡು ತಂಡಗಳೆಂಬ ಆಕ್ಷೇಪ ಇದರಿಂದ ನೀಗಿತು. ಆದರೆ ಅಭಿಮಾನಿಗಳ ಆಕ್ಷೇಪ ಆಗ ಆರಂಭವಾಯಿತು. ತಮ್ಮ ಸಂಘದ ಹೆಸರಿನ ಹಿಂದೆ ಮತ್ತೊಂದು ತಂಡದ ಹೆಸರನ್ನು ತಗಲಿಸಿದುದನ್ನು ಅವರು ಮೂರು ವರ್ಷ ಪ್ರತಿಭಟಿಸಿದರು. ೨೦೨೩ರಲ್ಲಿ ಒಡೆಯರು ಆ ಹೆಸರನ್ನು ತೆಗೆದು ‘ಮೋಹನ್ ಬಾಗಾನ್ ಸೂಪರ್ ಜೈಂಟ್’ ಎಂದು ಬದಲಾಯಿಸಿದರು. ನಿಯಮವು ಪಂದ್ಯವನ್ನು ಕಾಯಬಲ್ಲುದೇ ಹೊರತು ಸಂಘವನ್ನಲ್ಲ ಎಂಬ ಪಾಠ ಇದರಿಂದ ದೊರೆಯುತ್ತದೆ.

೭. ಭಾರತೀಯ ನ್ಯಾಯದ ದೃಷ್ಟಿ

ಕಾಲ್ಚೆಂಡಾಟದ ಒಡೆತನವನ್ನು ಕುರಿತು ನಮ್ಮ ಸರ್ವೋಚ್ಚ ನ್ಯಾಯಾಲಯವು ನೇರವಾಗಿ ತೀರ್ಪು ಕೊಡುವ ಪ್ರಸಂಗ ಈ ಕರಾರುಗಳಿಂದ ಒದಗಲಿಲ್ಲ. ಆದರೆ ೨೦೧೫ರ ಜನವರಿ ೨೨ರಂದು ಕ್ರಿಕೆಟ್ ನಿಯಂತ್ರಣ ಮಂಡಲಿಯ ಮೊಕದ್ದಮೆಯಲ್ಲಿ ಅದು ಹೇಳಿದ ಮಾತು ಇಲ್ಲಿಗೂ ಅನ್ವಯಿಸುತ್ತದೆ. ಮಂಡಲಿಯ ಆಡಳಿತಗಾರರು ಅದರ ಪಂದ್ಯಗಳಲ್ಲಿ ವ್ಯಾಪಾರದ ಹಿತಾಸಕ್ತಿಯನ್ನು ಹೊಂದಿರಬಾರದೆಂಬ ವಿಧಿ ಮೊದಲು ಇದ್ದಿತು. ೨೦೦೮ರಲ್ಲಿ ೬.೨.೪ನೆಯ ವಿಧಿಗೆ ತಿದ್ದುಪಡಿ ತಂದು ಇಂಡಿಯನ್ ಪ್ರೀಮಿಯರ್ ಲೀಗಿಗೆ ವಿನಾಯಿತಿ ಕೊಡಲಾಗಿತ್ತು. ನ್ಯಾಯಾಲಯವು ಆ ತಿದ್ದುಪಡಿಯನ್ನು ರದ್ದುಗೊಳಿಸಿತು. ಮಂಡಲಿಯು ಸಾರ್ವಜನಿಕ ಕರ್ತವ್ಯವನ್ನು ನಿರ್ವಹಿಸುತ್ತದೆ. ಆಟವು ಪ್ರಾಮಾಣಿಕವಾಗಿ ನಡೆಯುತ್ತಿದೆಯೆಂಬ ಜನರ ನಂಬಿಕೆಯೇ ಆಟದ ಜೀವಾಳ. ಆ ನಂಬಿಕೆಯನ್ನು ಕೆಡಿಸುವ ಹಿತಸಂಘರ್ಷಕ್ಕೆ ಅವಕಾಶ ಕೊಡಲಾಗದು ಎಂಬುದು ಅದರ ನಿಲುವು. ಲೋಸಾನ್ನಿನ ೧೯೯೯ರ ತೀರ್ಪೂ ದೆಹಲಿಯ ೨೦೧೫ರ ತೀರ್ಪೂ ಬೇರೆ ಬೇರೆ ಹಾದಿಗಳಿಂದ ಒಂದೇ ತತ್ತ್ವಕ್ಕೆ ಬಂದು ಸೇರುತ್ತವೆ.

ಇನ್ನೊಂದು ಕಡೆಯಿಂದ, ಕ್ರೀಡಾ ಸಂಸ್ಥೆಯು ಒಡೆತನಕ್ಕೆ ಮಿತಿ ಹಾಕಿದರೆ ಅದು ಸ್ಪರ್ಧಾ ಕಾನೂನಿಗೆ ವಿರುದ್ಧವಾಗದೆ ಎಂದು ಕೇಳಬಹುದು. ೨೦೦೨ರ ಸ್ಪರ್ಧಾ ಅಧಿನಿಯಮದ ಮೇರೆಗೆ ಸ್ಥಾಪಿತವಾದ ಆಯೋಗವು ೨೦೧೩ರಲ್ಲಿಯೂ ಮತ್ತೆ ೨೦೧೭ರಲ್ಲಿಯೂ ಕ್ರಿಕೆಟ್ ಮಂಡಲಿಯನ್ನು ಉದ್ಯಮವೆಂದೇ ಪರಿಗಣಿಸಿ ಆಜ್ಞೆ ಮಾಡಿದೆ. ಆದುದರಿಂದ ಕ್ರೀಡಾ ಸಂಸ್ಥೆಯ ನಿಯಮಗಳು ವಿಮರ್ಶೆಗೆ ಅತೀತವಲ್ಲ. ಆದರೆ ಯೂರೋಪಿಯನ್ ಕಮಿಷನ್ ಕಂಡುಕೊಂಡಂತೆ, ಪಂದ್ಯದ ಪ್ರಾಮಾಣಿಕತೆಗೆ ಅಗತ್ಯವಾದಷ್ಟಕ್ಕೆ ಸೀಮಿತವಾದ ನಿಯಮವು ಸ್ಪರ್ಧೆಯನ್ನು ಕೊಲ್ಲುವುದಿಲ್ಲ, ಉಳಿಸುತ್ತದೆ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯಗಳನ್ನು ಹೀಗೆ ಸಂಗ್ರಹಿಸಬಹುದು. ಹಲವು ತಂಡಗಳಿಗೆ ಒಬ್ಬನೇ ಒಡೆಯನಾಗುವುದು ಗುಬ್ಬಿಯ ರಂಗಭೂಮಿಯಲ್ಲಿ ನಿರುಪದ್ರವಿಯಾಗಿದ್ದುದು ಅಲ್ಲಿ ಸ್ಪರ್ಧೆಯಿಲ್ಲದ ಕಾರಣದಿಂದ. ಸ್ಪರ್ಧೆಯಿರುವಲ್ಲಿ, ಕುಣಿಗಲಿನ ಕುದುರೆಗಳು ಓಡುವ ಪಂದ್ಯದಲ್ಲಿಯೂ, ಒಡೆತನವನ್ನು ಬಯಲಿಗೆ ತರುವ ನಿಯಮ ಬೇಕಾಯಿತು. ಕಾಲ್ಚೆಂಡಿನ ಲೀಗಿನಲ್ಲಿ ಮೂರನೆಯ ತಂಡದ ಹಿತವೂ ಸೇರಿರುವುದರಿಂದ ಬಹಿರಂಗವೊಂದೇ ಸಾಲದು. ಹತೋಟಿಗೆ ಮಿತಿಯೂ ಬೇಕು. ಆ ಮಿತಿಯನ್ನು ಷೇರಿನ ಎಣಿಕೆಯಿಂದ ಮಾತ್ರ ಅಳೆದರೆ ಅರ್ಧ ಪಾಲಿನ ಪಾಲುದಾರನು ತಪ್ಪಿಸಿಕೊಳ್ಳುತ್ತಾನೆ. ನಿಯಮವನ್ನು ಪಂದ್ಯಾವಳಿಗೆ ಸಾಕಷ್ಟು ಮೊದಲೇ ಪ್ರಕಟಿಸದಿದ್ದರೆ ಅದು ಆಡುವವರಿಗೆ ಅನ್ಯಾಯವಾಗುತ್ತದೆ. ೧೯೯೮ರ ತಡೆಯಾಜ್ಞೆ ಇದಕ್ಕೆ ಪ್ರಮಾಣ. ಕೊನೆಯದಾಗಿ, ಕಲ್ಕತ್ತೆಯ ಸ್ಪರ್ಧೆಯನ್ನು ಎರಡು ದಶಕ ಕಾದುದು ಸದಸ್ಯರ ಹಕ್ಕು. ಆ ಹಕ್ಕಿನ ಪಾಲು ಅರ್ಧದಿಂದ ಐದರಲ್ಲೊಂದಕ್ಕೆ ಇಳಿದಾಗ ಸಂಘದ ಹೆಸರೂ ಸದಸ್ಯರ ಕೈಯಲ್ಲಿ ಉಳಿಯಲಿಲ್ಲ.

ತುಮಕೂರಿನಂಥ ಜಿಲ್ಲಾ ಕೇಂದ್ರದಲ್ಲಿ ಇಂದು ಆಡುವ ತಂಡಗಳು ಚಿಕ್ಕವು. ಅವುಗಳ ಪಂದ್ಯಾವಳಿಗಳಿಗೆ ಊರಿನ ವರ್ತಕರೂ ಗಣ್ಯರೂ ಹಣ ಕೊಡುತ್ತಾರೆ. ಒಬ್ಬನೇ ದಾನಿ ಒಂದೇ ಪಂದ್ಯಾವಳಿಯ ಎರಡು ತಂಡಗಳಿಗೆ ಅಂಗಿ ಹೊಲಿಸಿಕೊಟ್ಟರೆ ಅದನ್ನು ಯಾರೂ ತಪ್ಪೆಣಿಸುವುದಿಲ್ಲ, ಎಣಿಸಬೇಕಾಗಿಯೂ ಇಲ್ಲ. ಆದರೆ ಆ ದಾನಿಗೆ ಆಟಗಾರರನ್ನು ಆರಿಸುವ ಅಧಿಕಾರ ಯಾವಾಗ ಬರುತ್ತದೆ ಎಂಬುದನ್ನು ಪಂದ್ಯಾವಳಿಯ ನಿಬಂಧನೆಗಳಲ್ಲಿ ಒಂದು ವಾಕ್ಯವಾಗಿ ಬರೆದಿಡುವುದು ಉಚಿತ. ಒಡೆತನ ದೊಡ್ಡದಾದ ಮೇಲೆ ನಿಯಮ ಮಾಡಹೊರಟರೆ ಎಷ್ಟು ಕಷ್ಟವೆಂಬುದಕ್ಕೆ ಕಲ್ಕತ್ತೆಯೂ ಅಥೆನ್ಸೂ ಲಂಡನ್ನೂ ಸಾಕ್ಷಿಯಾಗಿವೆ. ಕರಾರುಪತ್ರಗಳು, ಸದಸ್ಯರ ಸಭೆಯ ನಡವಳಿಗಳು, ಪಂದ್ಯಾವಳಿಯ ನಿಬಂಧನೆಗಳು ನಮ್ಮ ಚರಿತ್ರೆಯ ವಿದ್ಯಾರ್ಥಿಗಳ ಕಣ್ಣಿಗೆ ಇನ್ನೂ ಆಕರಗಳಾಗಿ ಕಂಡಿಲ್ಲ. ಅವುಗಳನ್ನು ಕಾಪಾಡಿ ಓದುವ ಕೆಲಸವನ್ನು ಜಿಲ್ಲೆಯ ಕಾಲೇಜುಗಳು ಕೈಗೊಂಡರೆ ಕ್ರೀಡೆಯ ಚರಿತ್ರೆಯು ಗೆಲುವು ಸೋಲುಗಳ ಪಟ್ಟಿಯನ್ನು ದಾಟಿ ಮುಂದೆ ಹೋದೀತು.